ಕಡಲನ್ನು ಪ್ರೀತಿಸಿದ ರಾಚೆಲ್ ಕಾರ್ಸನ್



ನಮ್ಮ ರಾಯಚೂರು ಎರಡು ನದಿಗಳ ನಡುವಿನ ಜಿಲ್ಲೆ. ದೇವದುರ್ಗದ ಅಂಚಿನಲ್ಲಿ ಕೃಷ್ಣೆ, ಮಾನ್ವಿಯ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತವೆ. ಮುಂದೆ ಎರಡೂ ಕೂಡಿ ಬಂಗಾಳ ಕೊಲ್ಲಿ ಸೇರುತ್ತವೆ. ಇಲ್ಲಿ ಹತ್ತಿ, ಭತ್ತದ ಹೊಲಗಳಿಗೆ ‘ಎಣ್ಣೆ’ ಹೊಡೆಯುವುದನ್ನು ನೀವು ನೋಡಿದ್ದೀರಿ. ಈ ಕೀಟನಾಶಕ ಮಳೆನೀರಿನ ಜೊತೆ ಹಳ್ಳಕ್ಕೆ, ಹಳ್ಳದಿಂದ ನದಿಗೆ, ನದಿಯಿಂದ ಕಡಲಿಗೆ ಹೋಗಬಲ್ಲದು. ನೀರಿಗಿಳಿದ ವಿಷ ಏನು ಮಾಡುತ್ತದೆ ಎಂಬುದನ್ನು ಅಂಕಿ ಅಂಶಗಳ ಸಮೇತ ಜಗತ್ತಿಗೆ ತಿಳಿಸಿದವರು ರಾಚೆಲ್ ಕಾರ್ಸನ್. ಅವರ ಜೀವನವನ್ನು ತಿಳಿಯೋಣ ಬನ್ನಿ.

ಕಾರ್ಸನ್ ಹುಟ್ಟಿದ್ದು 1907ರ ಮೇ 27ರಂದು, ಅಮೆರಿಕದ ಸ್ಪ್ರಿಂಗ್‌ಡೇಲ್ ಎಂಬ ಊರಿನಲ್ಲಿ. ಅದೂ ನಮ್ಮ ಊರುಗಳಂತೆ ಸಮುದ್ರದಿಂದ ದೂರ. ತಾಯಿ ಮಗಳಿಗೆ ಗಿಡ, ಹಕ್ಕಿ, ಹುಳುಗಳನ್ನು ತೋರಿಸಿ ಬೆಳೆಸಿದರು. ಕಾಲೇಜಿನಲ್ಲಿ ಸಾಹಿತ್ಯ ಓದಲು ಹೋದ ಕಾರ್ಸನ್ ನಡುವೆ ಜೀವಶಾಸ್ತ್ರಕ್ಕೆ ಬದಲಾಯಿಸಿಕೊಂಡರು. 1932ರಲ್ಲಿ ಪ್ರಾಣಿಶಾಸ್ತ್ರದಲ್ಲಿ ಎಂ.ಎ. ಪದವಿ ಪಡೆದು, 1936ರಲ್ಲಿ ಸರ್ಕಾರದ ಮೀನುಗಾರಿಕೆ ಇಲಾಖೆ ಸೇರಿದರು. ಸಮುದ್ರದ ಬಗ್ಗೆ 1951ರಲ್ಲಿ ಬರೆದ ಪುಸ್ತಕ ಅವರಿಗೆ ದೊಡ್ಡ ಹೆಸರು ತಂದಿತು.

ಆ ಕಾಲದಲ್ಲಿ ಡಿ.ಡಿ.ಟಿ.ಯಂತಹ ಕೀಟನಾಶಕಗಳನ್ನು ವಿಮಾನದಿಂದಲೂ ಸುರಿಯುತ್ತಿದ್ದರು. ಕಾರ್ಸನ್ ತಾವೇ ಪ್ರಯೋಗ ಮಾಡಲಿಲ್ಲ. ಅನೇಕ ವಿಜ್ಞಾನಿಗಳು ಮಾಡಿದ್ದ ಅಳತೆಗಳನ್ನು ವರ್ಷಗಟ್ಟಲೆ ಕಲೆಹಾಕಿ, 1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಎಂಬ ಪುಸ್ತಕ ಬರೆದರು. ಅದರಲ್ಲಿರುವ ಒಂದು ಕೆರೆಯ ಉದಾಹರಣೆ ನೋಡಿ.

ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಎಂಬ ಸರೋವರದಲ್ಲಿ ನುಸಿಗಳ ಕಾಟವಿತ್ತು. ಅವನ್ನು ಕೊಲ್ಲಲು ಡಿ.ಡಿ.ಟಿ.ಯ ಸಂಬಂಧಿಯಾದ ಡಿ.ಡಿ.ಡಿ. ಎಂಬ ರಾಸಾಯನಿಕ ಹಾಕಿದರು. 1954ರಲ್ಲಿ ಹಾಕಿದ್ದು ಹತ್ತು ಲಕ್ಷ ಭಾಗ ನೀರಿಗೆ ಕೇವಲ 0.02 ಭಾಗ. ಅಂದರೆ ಸಾವಿರ ಲೀಟರಿನ 50 ತೊಟ್ಟಿಗಳ ನೀರಿಗೆ 1 ಮಿಲಿಲೀಟರ್ ಇದ್ದಂತೆ! ಇಷ್ಟರಿಂದ ಏನಾದೀತು ಎಂದು ಎಲ್ಲರೂ ಸುಮ್ಮನಿದ್ದರು. ಆದರೆ ಮೀನು ತಿನ್ನುವ ನೀರುಹಕ್ಕಿಗಳು ಸಾಯತೊಡಗಿದವು. ನಮ್ಮ ಕೆರೆಗಳ ಗುಳುಮುಳುಕದ ದೊಡ್ಡ ಬಂಧುಗಳವು. ಪರೀಕ್ಷಿಸಿದಾಗ ಸಿಕ್ಕ ಅಂಕಿಗಳು ಹೀಗಿದ್ದವು. ಎಲ್ಲವೂ ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ ಎಂಬ ಲೆಕ್ಕ:

ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳಲ್ಲಿ – ಸುಮಾರು 5
ಸಸ್ಯ ತಿನ್ನುವ ಮೀನುಗಳಲ್ಲಿ – 40ರಿಂದ 300
ಹಕ್ಕಿಗಳ ಕೊಬ್ಬಿನಲ್ಲಿ – 1600

ಕೊನೆಯ ಬಾರಿ ವಿಷ ಹಾಕಿದ ಸ್ವಲ್ಪ ಕಾಲದ ನಂತರ ನೀರನ್ನು ಪರೀಕ್ಷಿಸಿದರೆ ಅದರಲ್ಲಿ ವಿಷದ ಸುಳಿವೇ ಇರಲಿಲ್ಲ! ವಿಷ ಹೋಗಿರಲಿಲ್ಲ, ಜೀವಿಗಳ ದೇಹ ಸೇರಿತ್ತು. ಈ ರಾಸಾಯನಿಕ ಕೊಬ್ಬಿನಲ್ಲಿ ಕರಗಿ ಉಳಿಯುತ್ತದೆ. ಒಂದು ಜೀವಿ ಇನ್ನೊಂದನ್ನು ತಿಂದಂತೆ ಅದರ ಪ್ರಮಾಣ ಹೆಚ್ಚುತ್ತದೆ. ಇದನ್ನು ಜೈವಿಕ ವರ್ಧನೆ ಎನ್ನುತ್ತಾರೆ. ಆದ್ದರಿಂದಲೇ ಇಂದು ಕಡಲತೀರದ ಮಾಲಿನ್ಯ ಅಳೆಯುವವರು ನೀರಿನ ಜೊತೆಗೆ ಕೆಸರು, ಮೀನು, ಚಿಪ್ಪುಜೀವಿಗಳನ್ನೂ ಪರೀಕ್ಷಿಸುತ್ತಾರೆ.

ಕಡಲತೀರದ ಕಥೆಯನ್ನೂ ಕಾರ್ಸನ್ ಬರೆದರು. 1955ರಲ್ಲಿ ಫ್ಲಾರಿಡಾದ ಉಪ್ಪುನೀರಿನ ಜೌಗು ನೆಲಕ್ಕೆ ಡೀಲ್ಡ್ರಿನ್ ಎಂಬ ಕೀಟನಾಶಕ ಸಿಂಪಡಿಸಿದಾಗ ಸುಮಾರು 11,75,000 ಮೀನುಗಳು ಸತ್ತಿದ್ದವು.

ಪುಸ್ತಕ ಬಂದೊಡನೆ ಕೀಟನಾಶಕ ತಯಾರಕರು ಕಾರ್ಸನ್‌ರನ್ನು ಹೀಯಾಳಿಸಿದರು. ಆಗಲೇ ಅವರಿಗೆ ಕ್ಯಾನ್ಸರ್ ಇತ್ತು. ಆದರೂ ಅವರು ಹಿಂಜರಿಯಲಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹಾ ಸಮಿತಿ ಅವರ ಮಾತನ್ನು ಬೆಂಬಲಿಸಿತು. 1964ರ ಏಪ್ರಿಲ್ 14ರಂದು ಕಾರ್ಸನ್ ತೀರಿಕೊಂಡರು. ಅಮೆರಿಕ 1972ರಲ್ಲಿ ಡಿ.ಡಿ.ಟಿ. ಬಳಕೆಯನ್ನು ಬಹುಮಟ್ಟಿಗೆ ನಿಷೇಧಿಸಿತು. ಅದನ್ನು ನೋಡಲು ಅವರಿರಲಿಲ್ಲ.

ಎಲ್ಲ ಕೀಟನಾಶಕಗಳನ್ನೂ ಕೈಬಿಡಿ ಎಂದು ಕಾರ್ಸನ್ ಹೇಳಲಿಲ್ಲ; ಪರಿಣಾಮ ಅರಿಯದೆ ಸುರಿಯಬೇಡಿ ಎಂದರು. ಎಣ್ಣೆ ಹೊಡೆದ ಪಂಪು, ಖಾಲಿ ಡಬ್ಬಿಗಳನ್ನು ಹಳ್ಳ, ಕಾಲುವೆಯಲ್ಲಿ ತೊಳೆಯಬಾರದೆಂದು ಇಂದೇ ಮನೆಯಲ್ಲಿ ತಿಳಿಸುವಿರಲ್ಲವೇ?

ಲೆಕ್ಕ ಮಾಡಿ: ಹಕ್ಕಿಯ ಕೊಬ್ಬಿನಲ್ಲಿದ್ದ ವಿಷ, ನೀರಿಗೆ ಹಾಕಿದ ಪ್ರಮಾಣದ ಎಷ್ಟು ಪಟ್ಟು? (1600 ÷ 0.02)