ಅಂಚು ಕೂಡಿಸಿದವರು: ವಾರೆನ್ ಡಿ ಲಾ ರೂ



ಕಿರುಪರೀಕ್ಷೆ ಮುಗಿದು ಉತ್ತರಪತ್ರಿಕೆಗಳನ್ನು ಸಂಗ್ರಹಿಸುವಾಗ ನಾವೆಲ್ಲ ಯೋಚನೆಯೇ ಇಲ್ಲದೆ ಒಂದು ಕೆಲಸ ಮಾಡುತ್ತೇವೆ. ಹಾಳೆಗಳ ಕಟ್ಟನ್ನು ಎರಡು ಕೈಯಲ್ಲಿ ಸಡಿಲವಾಗಿ ಹಿಡಿದು ಮೇಜಿನ ಮೇಲೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ತಟ್ಟುತ್ತೇವೆ. ಅಂಚುಗಳು ಕೂಡಿಕೊಂಡ ಮೇಲೆಯೇ ದಾರ ಕಟ್ಟುವುದು. ಆತುರದಲ್ಲಿ ಬಿಗಿಯಾಗಿ ಹಿಡಿದು ತಟ್ಟಿದರೆ ಹಾಳೆ ಸರಿಯುವುದಿಲ್ಲ, ಮೂಲೆ ಮಾತ್ರ ಮಡಿಸಿಕೊಳ್ಳುತ್ತದೆ.

ದೊಡ್ಡ ಮುದ್ರಣಾಲಯಗಳಲ್ಲಿ ಇದೇ ಕೆಲಸಕ್ಕೆ ಒಂದು ಸಾಧನವಿದೆ. ಜಾಗರ್ ಎಂದು ಕರೆಯುತ್ತಾರೆ. ಒಂದು ಮೂಲೆಯ ಕಡೆಗೆ ವಾಲಿಸಿದ ಮೇಜು, ಆ ಮೂಲೆಯಲ್ಲಿ ಲಂಬಕೋನವಾಗಿ ಸೇರುವ ಎರಡು ಗಿಡ್ಡ ಗೋಡೆ, ಕೆಳಗೆ ಮೇಜನ್ನು ನಡುಗಿಸುವ ಮೋಟಾರು, ಅಷ್ಟೇ. ನಡುಗುವಾಗ ಹಾಳೆಗಳ ನಡುವಿನ ಘರ್ಷಣೆ ಸಡಿಲಗೊಳ್ಳುತ್ತದೆ, ಆಗ ಪ್ರತಿ ಹಾಳೆಯೂ ತನ್ನ ಭಾರದಿಂದಲೇ ಜಾರಿ ಮೂಲೆಗೆ ಬಂದು ಕೂರುತ್ತದೆ. ಘರ್ಷಣೆಯ ಪಾಠ ಓದುತ್ತಿರುವ ವಿಜ್ಞಾನ ವಿಭಾಗದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಲಕೋಟೆ ಮಾಡುವ ಕಾರ್ಖಾನೆಯಲ್ಲಿ ಈ ಅಂಚು ಕೂಡಿಸುವ ಕೆಲಸ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಲಕೋಟೆ ಮಡಿಸುವ ಯಂತ್ರವನ್ನು ಜಗತ್ತಿಗೆ ಕೊಟ್ಟವರಲ್ಲಿ ಮೊದಲಿಗರೊಬ್ಬರು ವಾರೆನ್ ಡಿ ಲಾ ರೂ. ಅವರು ಖಗೋಳ ವಿಜ್ಞಾನದಲ್ಲಿಯೂ ಅಷ್ಟೇ ದೊಡ್ಡ ಹೆಸರು. ಕಾಗದ ಮತ್ತು ಚಂದ್ರ, ಈ ಎರಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಅವರ ಬದುಕನ್ನು ಓದಿದರೆ ಎರಡೂ ಒಂದೇ ಕೈಯ ಕೆಲಸ ಎನಿಸುತ್ತದೆ.

ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಿನಲ್ಲಿ ಗರ್ನ್ಸಿ ಎಂಬ ಪುಟ್ಟ ದ್ವೀಪವಿದೆ. ವಾರೆನ್ ಹುಟ್ಟಿದ್ದು ಅಲ್ಲಿ, 1815ರ ಜನವರಿ 18ರಂದು. ತಂದೆ ಥಾಮಸ್ ಡಿ ಲಾ ರೂ ಮುದ್ರಕರು. ಲಂಡನ್ನಿಗೆ ಬಂದು ಮೊದಲು ಹುಲ್ಲಿನ ಟೋಪಿಯ ವ್ಯಾಪಾರ ಮಾಡಿದರು, ಆಮೇಲೆ ಇಸ್ಪೀಟು ಎಲೆಗಳ ಮುದ್ರಣದಲ್ಲಿ ಹೆಸರು ಮಾಡಿದರು. ಇಸ್ಪೀಟಿನ ಮಾತು ನಮ್ಮ ಮನೆಯ ಹಿರಿಯರಿಗೆ ಹಿಡಿಸದು, ಆದರೆ ಒಂದು ವಿಷಯ ಗಮನಿಸಿ. ಇಸ್ಪೀಟು ಎಲೆಯ ಹಿಂಬದಿ ಒಂದರಂತೆ ಒಂದು ಇರಬೇಕು. ಒಂದರ ಅಂಚು ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಆಟಗಾರ ಗುರುತು ಹಿಡಿದುಬಿಡುತ್ತಾನೆ. ಇಂಥ ಕಟ್ಟುನಿಟ್ಟಿನ ಕಾರ್ಖಾನೆಯಲ್ಲಿ ವಾರೆನ್ ಬೆಳೆದರು. ಪ್ಯಾರಿಸ್ಸಿನ ಸೇಂತ್ ಬಾರ್ಬ್ ಶಾಲೆಯಲ್ಲಿ ಓದಿದ ಮೇಲೆ ನೇರವಾಗಿ ತಂದೆಯ ವ್ಯವಹಾರಕ್ಕೆ ಸೇರಿದರು. ರಸಾಯನಶಾಸ್ತ್ರ, ವಿದ್ಯುತ್ತು ಎಲ್ಲವನ್ನೂ ಕಾರ್ಖಾನೆಯ ಕೆಲಸದ ನಡುವೆಯೇ ಕಲಿತರು.

ಆ ಕಾಲದಲ್ಲಿ ಕಾಗದ ಬರೆಯುವವರು ಲಕೋಟೆಯನ್ನು ಬಳಸುತ್ತಿದ್ದುದೇ ಕಡಿಮೆ. ಇಂಗ್ಲೆಂಡಿನಲ್ಲಿ ಅಂಚೆ ವೆಚ್ಚವನ್ನು ದೂರದ ಮೇಲೆ ಮತ್ತು ಹಾಳೆಗಳ ಲೆಕ್ಕದ ಮೇಲೆ ಹಾಕುತ್ತಿದ್ದರು. ಲಕೋಟೆಯೂ ಒಂದು ಹಾಳೆಯೇ, ಹಾಕಿದರೆ ಖರ್ಚು ಇಮ್ಮಡಿ. ಹಾಗಾಗಿ ಬರೆದ ಹಾಳೆಯನ್ನೇ ಮಡಿಸಿ, ಅರಗಿನ ಮುದ್ರೆ ಒತ್ತಿ, ಹೊರಬದಿಯಲ್ಲಿ ವಿಳಾಸ ಬರೆಯುವುದು ರೂಢಿ. 1840ರಲ್ಲಿ ರೋಲಂಡ್ ಹಿಲ್ ಅವರ ಸುಧಾರಣೆ ಬಂತು: ದೂರ ಎಷ್ಟೇ ಇರಲಿ, ಅರ್ಧ ಔನ್ಸು ತೂಕದವರೆಗೆ ಒಂದು ಪೆನ್ನಿ. ಲೆಕ್ಕ ಹಾಳೆಯಿಂದ ತೂಕಕ್ಕೆ ಬದಲಾಯಿತು. ಲಕೋಟೆಗೆ ಇದ್ದ ದಂಡ ತಪ್ಪಿತು, ಜನ ಕೊಳ್ಳತೊಡಗಿದರು.

ಆದರೆ ಮಾಡುವವರು ಬೇಕಲ್ಲ! ನುರಿತ ಕೈ ಇಡೀ ದಿನ ಕುಳಿತು ಮೂಳೆಯ ಪಟ್ಟಿಯಿಂದ ತೀಡಿ ಮಡಿಸಿದರೆ ಸುಮಾರು ಮೂರು ಸಾವಿರ ಲಕೋಟೆ ಆಗುತ್ತಿತ್ತು. ರೋಲಂಡ್ ಹಿಲ್ ಅವರ ಅಣ್ಣ ಎಡ್ವಿನ್ ಹಿಲ್ ಯಂತ್ರಗಳಲ್ಲಿ ಬುದ್ಧಿಯಿದ್ದವರು. ಅವರು ಮತ್ತು ವಾರೆನ್ ಸೇರಿ 1845ರಲ್ಲಿ ಲಕೋಟೆ ಮಡಿಸುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಆಗ ವಾರೆನ್ನರಿಗೆ ಮೂವತ್ತು ವರ್ಷ.

ಕೆಲಸ ನಡೆಯುತ್ತಿದ್ದುದು ಹೀಗೆ. ಮೊದಲು ನೂರಾರು ಹಾಳೆಗಳನ್ನು ಪೇರಿಸಿ, ಹರಿತವಾದ ಅಚ್ಚನ್ನು ಮೇಲಿಂದ ಒತ್ತಿ, ನಾಲ್ಕು ಕಿವಿಗಳ ಪತಂಗದಂಥ ತುಂಡುಗಳನ್ನು ಒಟ್ಟಿಗೆ ಕತ್ತರಿಸುತ್ತಿದ್ದರು. ಪೇರಿಕೆ ವಾಲಿದ್ದರೆ ಮೇಲಿನ ಹಾಳೆಯಲ್ಲಿ ಸರಿಯಾಗಿ ಬಿದ್ದ ಅಚ್ಚು ಕೆಳಗಿನ ಹಾಳೆಯಲ್ಲಿ ಅಂಚಿನಿಂದಾಚೆ ಬೀಳುತ್ತದೆ, ಒಂದು ಕಿವಿ ಮೊಟಕಾಗುತ್ತದೆ. ಆಮೇಲೆ ತುಂಡುಗಳು ಮಡಿಸುವ ಯಂತ್ರಕ್ಕೆ. ಪಕ್ಕದಲ್ಲಿ ನಿಂತ ಹುಡುಗ ಒಂದೊಂದನ್ನೇ ಎತ್ತಿ ಅದರ ಜಾಗದಲ್ಲಿ ಇಡಬೇಕು. ಲಕೋಟೆಯ ಅಳತೆಯದೇ ಆದ ಒತ್ತುಗಟ್ಟಿ ಮೇಲಿಂದ ಇಳಿದು ತುಂಡಿನ ನಡುಭಾಗವನ್ನು ಚೌಕಟ್ಟಿನೊಳಕ್ಕೆ ತಳ್ಳುತ್ತದೆ, ನಾಲ್ಕು ಕಿವಿಗಳು ಎದ್ದು ನಿಲ್ಲುತ್ತವೆ. ಬಳಿಕ ಮಡಿಸುವ ತಟ್ಟೆಗಳು ಒಂದಾದ ಮೇಲೊಂದು ಬಾಗಿ ಕಿವಿಗಳನ್ನು ಮಲಗಿಸುತ್ತವೆ, ನಡುವೆ ಅಂಟು ತಾಗುತ್ತದೆ. ಕೊನೆಗೆ ರಬ್ಬರು ತೊಡಿಸಿದ ಬೆರಳುಗಳು ಬಂದು ಸಿದ್ಧ ಲಕೋಟೆಯನ್ನು ಎಳೆದುಕೊಂಡು ಹೋಗುತ್ತವೆ.

ತುಂಡು ಅದರ ಜಾಗದಲ್ಲಿ ಎಳ್ಳಷ್ಟು ಓರೆಯಾಗಿ ಕೂತರೆ? ಮಡಿಕೆಗಳೆಲ್ಲ ಓರೆ. ಅಂಟು ಕಿವಿಯನ್ನು ಬಿಟ್ಟು ಲಕೋಟೆಯ ಹೊಟ್ಟೆಯೊಳಗೆ ಬೀಳುತ್ತದೆ, ಕಾಗದ ಹಾಕಲು ಹೋದವನಿಗೆ ಬಾಯಿ ಬಿಡದ ಲಕೋಟೆ ಸಿಗುತ್ತದೆ. ಕೈಯಲ್ಲಿ ಮಡಿಸುವವರು ತಪ್ಪನ್ನು ನೋಡಿ ಬೆರಳಿನಿಂದ ತಿದ್ದಿಕೊಳ್ಳುತ್ತಾರೆ. ಯಂತ್ರಕ್ಕೆ ಕಣ್ಣಿಲ್ಲ, ಅದು ತಪ್ಪನ್ನೂ ಅದೇ ವೇಗದಲ್ಲಿ ಮಾಡುತ್ತಾ ಹೋಗುತ್ತದೆ. ಆದ್ದರಿಂದ ನಿಖರತೆಯೆಲ್ಲ ಮೊದಲೇ, ಕಾಗದ ಕೂರುವ ಕ್ಷಣದಲ್ಲೇ ಇರಬೇಕು.

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜಿನ ಅರಮನೆ ಕಟ್ಟಿ ಜಗತ್ತಿನ ವಸ್ತುಗಳ ಮಹಾ ಪ್ರದರ್ಶನ ನಡೆಯಿತು. ಅಲ್ಲಿ ಈ ಯಂತ್ರ ಗಂಟೆಗೆ ಸುಮಾರು 2,700 ಲಕೋಟೆ ಮಡಿಸುವುದನ್ನು ನೋಡಲು ಜನ ಮುಗಿಬಿದ್ದರು. ಒಬ್ಬರ ದಿನದ ದುಡಿಮೆಯನ್ನು ಯಂತ್ರ ಹೆಚ್ಚು ಕಡಿಮೆ ಒಂದು ಗಂಟೆಯಲ್ಲಿ ಮುಗಿಸುತ್ತಿತ್ತು. ನೋಡುವವರಿಗೆ ಅದು ಬೆರಗು. ಮೂಳೆಯ ಪಟ್ಟಿ ಹಿಡಿದು ಅನ್ನ ಸಂಪಾದಿಸುತ್ತಿದ್ದವರಿಗೆ ಹಾಗೆ ಕಂಡಿರಲಾರದು ಎಂಬುದನ್ನೂ ನಾವು ಮರೆಯಬಾರದು. ಅದೇ ಕಾಲದ ರೆಮೋಂಡ್ ಎಂಬವರ ಇನ್ನೊಂದು ಯಂತ್ರ ತುಂಡುಗಳ ಪೇರಿಕೆಯಿಂದ ಮೇಲಿನದೊಂದನ್ನೇ ಗಾಳಿಯ ಒತ್ತಡದಿಂದ ಎತ್ತಿಕೊಳ್ಳುತ್ತಿತ್ತು. ಕಾಗದ ಇಡುವ ಹುಡುಗನ ಕೆಲಸವನ್ನೂ ಯಂತ್ರವೇ ವಹಿಸಿಕೊಂಡರೆ ಪೇರಿಕೆ ಇನ್ನೂ ನೆಟ್ಟಗಿರಬೇಕಾಗುತ್ತದೆ. ಜಾಗರಿನಂಥ ಸಾಧನಗಳಿಗೆ ಕಾರ್ಖಾನೆಯಲ್ಲಿ ಜಾಗ ಸಿಕ್ಕಿದ್ದು ಇದೇ ಕಾರಣಕ್ಕೆ.

ಇನ್ನು ಚಂದ್ರನ ಕಥೆ. ಜೇಮ್ಸ್ ನಾಸ್ಮಿತ್ ಎಂಬ ಎಂಜಿನಿಯರು ವಾರೆನ್ನರ ಪರಿಚಯದವರು, ಸ್ವತಃ ದೂರದರ್ಶಕ ಕಟ್ಟಿ ಚಂದ್ರನನ್ನು ನೋಡುತ್ತಿದ್ದವರು. ವ್ಯವಹಾರದ ಕೆಲಸಕ್ಕೆಂದು ಅವರ ಬಳಿಗೆ ಹೋದ ವಾರೆನ್, ದೂರದರ್ಶಕದ ಲೋಹದ ಕನ್ನಡಿಯ ಎರಕ ನೋಡಿ ಮನಸೋತರು. ತಾವೂ ಹದಿಮೂರು ಅಂಗುಲದ ಕನ್ನಡಿಯ ದೂರದರ್ಶಕ ಮಾಡಿಕೊಂಡರು. ಮೊದಲು ಕಂಡದ್ದನ್ನು ಕೈಯಿಂದ ಬರೆಯುತ್ತಿದ್ದರು. ಮಹಾ ಪ್ರದರ್ಶನದಲ್ಲಿ ಅಮೆರಿಕದಿಂದ ಬಂದಿದ್ದ ಚಂದ್ರನ ಛಾಯಾಚಿತ್ರ ನೋಡಿದ ಮೇಲೆ ಕ್ಯಾಮೆರಾದ ಕಡೆಗೆ ತಿರುಗಿದರು.

1852ರ ಕೊನೆಯಲ್ಲಿ ಅವರು ಚಂದ್ರನ ಚಿತ್ರ ತೆಗೆದ ಬಗೆಯನ್ನು ನೆನೆದರೆ ಈಗಲೂ ಆಶ್ಚರ್ಯ. ಆಗಿನ ಗಾಜಿನ ಫಲಕಗಳಿಗೆ ಬೆಳಕು ಹಲವು ಸೆಕೆಂಡು ಬೀಳಬೇಕು. ಅಷ್ಟರಲ್ಲಿ ಭೂಮಿ ತಿರುಗುತ್ತದೆ, ಚಂದ್ರ ಜಾರುತ್ತಾನೆ, ಚಿತ್ರ ಕಲಸಿಹೋಗುತ್ತದೆ. ದೂರದರ್ಶಕವನ್ನು ತಿರುಗಿಸುವ ಗಡಿಯಾರ ಯಂತ್ರ ಅವರ ಬಳಿ ಇರಲಿಲ್ಲ. ಚಂದ್ರನ ಮೇಲಿನ ಒಂದು ಗುರುತನ್ನು ಕಣ್ಣಿನಲ್ಲಿ ಹಿಡಿದು, ಫಲಕವನ್ನು ಕೈಯಿಂದಲೇ ಸರಿಸುತ್ತಾ ಹೋದರು. ಲಕೋಟೆಯ ತುಂಡನ್ನು ಜಾಗದಲ್ಲಿ ಇಡುತ್ತಿದ್ದ ಆ ಹುಡುಗನ ಕೆಲಸವೇ ಇದು, ಇಲ್ಲಿ ಮಾತ್ರ ಜಾಗವೇ ಓಡುತ್ತಿತ್ತು. ಕೆಲವು ಒಳ್ಳೆಯ ಚಿತ್ರಗಳು ಬಂದವು. ಆದರೆ ಕೈಯನ್ನು ನಂಬಿ ಮುಂದೆ ಹೋಗಲಾಗದೆಂದು ನಿಲ್ಲಿಸಿಬಿಟ್ಟರು. 1857ರಲ್ಲಿ ಕ್ರಾನ್‌ಫರ್ಡ್ ಎಂಬಲ್ಲಿ ಹೊಸ ವೀಕ್ಷಣಾಲಯ ಮಾಡಿ, ಗಡಿಯಾರ ಯಂತ್ರ ಜೋಡಿಸಿದ ಮೇಲೆಯೇ ಮತ್ತೆ ಆರಂಭಿಸಿದರು. ಹಣವಿದ್ದುದರಿಂದ ಅದೆಲ್ಲ ಸಾಧ್ಯವಾಯಿತು, ನಿಜ. ಆದರೆ ಹಣವಿದ್ದವರೆಲ್ಲ ಚಳಿಯ ರಾತ್ರಿಗಳಲ್ಲಿ ಹೊರಗೆ ನಿಲ್ಲುವುದಿಲ್ಲ.

ಚಂದ್ರ ನಮ್ಮ ಕಡೆಗೆ ಒಂದೇ ಮುಖ ತೋರಿಸಿದರೂ ಸ್ವಲ್ಪ ತೂಗಾಡುತ್ತಾನೆ. ಬೇರೆ ಬೇರೆ ದಿನಗಳ ಎರಡು ಚಿತ್ರಗಳನ್ನು ಸರಿಯಾಗಿ ಹೊಂದಿಸಿ, ಎಡಗಣ್ಣಿಗೆ ಒಂದು ಬಲಗಣ್ಣಿಗೆ ಒಂದು ಕಾಣುವಂತೆ ಇಟ್ಟರೆ ಚಂದ್ರ ಚಪ್ಪಟೆ ತಟ್ಟೆಯಾಗದೆ ಚೆಂಡಿನಂತೆ ಉಬ್ಬಿ ಕಾಣುತ್ತಾನೆ. ವಾರೆನ್ನರ ಇಂಥ ಜೋಡಿಚಿತ್ರಗಳು ಮನೆಮಾತಾದವು.

ಅವರ ದೊಡ್ಡ ಸಾಧನೆ ಸೂರ್ಯನದು. ಪೂರ್ಣ ಗ್ರಹಣದ ಹೊತ್ತಿನಲ್ಲಿ ಕಪ್ಪು ಬಿಲ್ಲೆಯ ಸುತ್ತ ಕೆಂಪು ಜ್ವಾಲೆಗಳು ಕಾಣುತ್ತವೆ. ಅವು ಸೂರ್ಯನವೋ, ಚಂದ್ರನವೋ, ಕಣ್ಣಿನ ಭ್ರಮೆಯೋ ಎಂಬುದೇ ಇತ್ಯರ್ಥವಾಗಿರಲಿಲ್ಲ. 1860ರ ಜುಲೈ 18ರಂದು ಸ್ಪೇನಿನಲ್ಲಿ ಗ್ರಹಣ. ಹಿಮಾಲಯ ಎಂಬ ಹೆಸರಿನ ಹಡಗಿನಲ್ಲಿ ವಿಜ್ಞಾನಿಗಳ ತಂಡ ಹೊರಟಿತು. ಸೂರ್ಯನ ಚಿತ್ರ ತೆಗೆಯಲೆಂದು ವಾರೆನ್ ಮೊದಲೇ ರೂಪಿಸಿದ್ದ, ಕ್ಯೂ ವೀಕ್ಷಣಾಲಯದ ಉಪಕರಣವೂ ಜೊತೆಗೆ ಹೋಯಿತು. ರಿವಾಬೆಯ್ಯೋಸಾ ಎಂಬ ಹಳ್ಳಿಯಲ್ಲಿ ಕತ್ತಲಾದ ಮೂರು ಚಿಲ್ಲರೆ ನಿಮಿಷಗಳಲ್ಲಿ ಅವರಿಗೆ ಎರಡು ಫಲಕಗಳು ದಕ್ಕಿದವು.

ಆ ಎರಡು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ನೋಡಿದಾಗ ಉತ್ತರ ಸಿಕ್ಕಿತು. ಚಂದ್ರ ಸರಿದಂತೆಲ್ಲ ಒಂದು ಕಡೆಯ ಜ್ವಾಲೆಗಳು ಮರೆಯಾಗುತ್ತಿದ್ದವು, ಇನ್ನೊಂದು ಕಡೆಯವು ಹೊರಬೀಳುತ್ತಿದ್ದವು. ಅಂದರೆ ಜ್ವಾಲೆ ನಿಂತಲ್ಲೇ ಇದೆ, ಚಂದ್ರ ಅದರ ಮುಂದೆ ಹಾದುಹೋಗುತ್ತಿದ್ದಾನೆ. ದೂರದ ಇನ್ನೊಂದು ಊರಿನಲ್ಲಿ ಪಾದ್ರಿ ಸೆಕ್ಕಿ ಅವರ ತಂಡ ತೆಗೆದ ಚಿತ್ರಗಳಲ್ಲೂ ಅವೇ ಜ್ವಾಲೆಗಳಿದ್ದವು. ಅವು ಸೂರ್ಯನವೇ ಎಂಬುದು ಸ್ಥಿರವಾಯಿತು. 1862ರಲ್ಲಿ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ಕೊಟ್ಟಿತು, ಮುಂದೆ ಅವರೇ ಆ ಸಂಸ್ಥೆಯ ಅಧ್ಯಕ್ಷರಾದರು.

ಆ ಜ್ವಾಲೆ ಯಾವುದರಿಂದ ಆಗಿದೆ ಎಂಬ ಮುಂದಿನ ಪ್ರಶ್ನೆಯ ಉತ್ತರಕ್ಕೆ ನಮ್ಮ ನಾಡೂ ಪಾಲು ಕೊಟ್ಟಿತು. 1868ರ ಆಗಸ್ಟ್ 18ರ ಗ್ರಹಣದ ನೆರಳು ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯ ಮೇಲೆ ಹಾದುಹೋಯಿತು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅಲ್ಲಿ ರೋಹಿತದರ್ಶಕ ಹಿಡಿದು ಕಾದಿದ್ದರು. ಮೋಡದ ಕಾಟವಿತ್ತು. ಆದರೂ ಸಿಕ್ಕ ಬಿಡುವಿನಲ್ಲಿ ಜ್ವಾಲೆಯ ಬೆಳಕು ಪ್ರತ್ಯೇಕ ಹೊಳೆಯುವ ಗೆರೆಗಳಾಗಿ ಒಡೆಯುವುದನ್ನು ಕಂಡರು. ಅದು ಉರಿಯುವ ಅನಿಲದ ಗುರುತು. ಗುಂಟೂರಿನಲ್ಲಿದ್ದ ಫ್ರಾನ್ಸಿನ ಜಾನ್ಸೆನ್ ಅವರೂ ಅದನ್ನೇ ಕಂಡರು. ಮೂರು ವರ್ಷಗಳ ನಂತರ, 1871ರ ಡಿಸೆಂಬರ್ 12ರ ಗ್ರಹಣಕ್ಕೆ ಲಾಕಿಯರ್ ಅವರ ತಂಡ ಕಾಸರಗೋಡಿನ ಬೇಕಲ ಕೋಟೆಗೆ ಬಂದಿತ್ತು. ವಾರೆನ್ ಸ್ಪೇನಿನಲ್ಲಿ ಮಾಡಿ ತೋರಿಸಿದ ಮೇಲೆ ಗ್ರಹಣಕ್ಕೆ ಹೋಗುವವರು ಕ್ಯಾಮೆರಾ ಬಿಟ್ಟು ಹೋಗುವ ಮಾತೇ ಇರಲಿಲ್ಲ.

ಅವರ ಕಾರ್ಖಾನೆ ನಮ್ಮ ಜನರ ಕೈಗೆ ಬಂದದ್ದು ಬೇರೆ ದಾರಿಯಲ್ಲಿ. 1854ರಲ್ಲಿ ಬ್ರಿಟಿಷ್ ಭಾರತದಲ್ಲೂ ದೂರದ ಲೆಕ್ಕ ಹೋಗಿ, ಕಾಲು ತೊಲೆ ತೂಕದ ಕಾಗದಕ್ಕೆ ಅರ್ಧ ಆಣೆ ಎಂದಾಯಿತು. ಮರುವರ್ಷದಿಂದ ಭಾರತದ ಅಂಚೆಚೀಟಿಗಳನ್ನು ಲಂಡನ್ನಿನಲ್ಲಿ ಡಿ ಲಾ ರೂ ಕಂಪನಿ ಮುದ್ರಿಸತೊಡಗಿತು. 1920ರ ದಶಕದಲ್ಲಿ ನಾಸಿಕದ ಮುದ್ರಣಾಲಯ ಆರಂಭವಾಗುವವರೆಗೂ ಅದು ನಡೆಯಿತು. ನಮ್ಮ ಅಜ್ಜ, ಮುತ್ತಜ್ಜಂದಿರ ಲಿಫಾಫೆಯ ಮೇಲಿನ ಚೀಟಿ ಆ ಕಾರ್ಖಾನೆಯದೇ.

ಕೊನೆಯ ವರ್ಷಗಳಲ್ಲಿ ವಾರೆನ್ ಹತ್ತು ಸಾವಿರಕ್ಕೂ ಹೆಚ್ಚು ಕೋಶಗಳ ಬ್ಯಾಟರಿ ಕಟ್ಟಿ ಅನಿಲಗಳಲ್ಲಿ ವಿದ್ಯುತ್ತು ಹರಿಯುವ ಬಗೆಯನ್ನು ಪರೀಕ್ಷಿಸಿದರು. ತಮ್ಮ ಹದಿಮೂರು ಅಂಗುಲದ ದೂರದರ್ಶಕವನ್ನು 1873ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. 1889ರ ಏಪ್ರಿಲ್ 19ರಂದು ಲಂಡನ್ನಿನಲ್ಲಿ ತೀರಿಕೊಂಡರು, ಎಪ್ಪತ್ತನಾಲ್ಕು ವರ್ಷ. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದಿದ್ದ ಮೈಸೂರು ಸಂಸ್ಥಾನದ ಸ್ವಂತ ಅಂಚೆ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾದದ್ದೂ ಅದೇ ವರ್ಷ. ಅಂದಿನಿಂದ ಹುಣಸೂರು ಸೀಮೆಯಿಂದ ಹೊರಟ ಕಾಗದಗಳ ಮೇಲೂ ಡಿ ಲಾ ರೂ ಮುದ್ರಿಸಿದ ಚೀಟಿಗಳೇ.