ಪಂಡಿತೆ ರಮಾಬಾಯಿಯವರು

ಹರಿಹರ, ಗುತ್ತೂರುಗಳ ದಡವನ್ನು ಸೋಕಿ ಹರಿಯುವ ತುಂಗಭದ್ರೆಯನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಈ ನದಿಯ ಎರಡು ಮೂಲಗಳಾದ ತುಂಗೆಯೂ ಭದ್ರೆಯೂ ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಅರಣ್ಯದಲ್ಲಿ ಹುಟ್ಟುತ್ತವೆಂಬುದನ್ನೂ ಭೂಗೋಳದ ಪಾಠದಲ್ಲಿ ಓದಿರುವರು. ಆದರೆ ಅದೇ ಗಂಗಾಮೂಲದ ಕಾಡಿನಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ಜನಿಸಿದ ಒಂದು ಹೆಣ್ಣುಕೂಸು, ಮುಂದೆ ಸಾವಿರಾರು ಅನಾಥ ಬಾಲಿಕೆಯರಿಗೆ ತಾಯಿಯಾಯಿತೆಂಬ ಸಂಗತಿಯನ್ನು ಬಲ್ಲವರು ವಿರಳ. ಆ ಮಹಾಮಹಿಳೆಯೇ ಪಂಡಿತೆ ರಮಾಬಾಯಿಯವರು. ಅವರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕ ಮಹಾಶಯರ ಮುಂದೆ ಸಂಕ್ಷೇಪವಾಗಿ ಇಡುವುದು ಈ ಲೇಖನದ ಉದ್ದೇಶವು.

ರಮಾಬಾಯಿಯವರ ತಂದೆಯವರಾದ ಅನಂತಶಾಸ್ತ್ರಿ ಡೋಂಗರೆಯವರು ಸಂಸ್ಕೃತದಲ್ಲಿ ಮಹಾವಿದ್ವಾಂಸರು. ತಮ್ಮ ಗುರುಗಳು ಪೇಶವೆಯವರ ಪತ್ನಿಗೆ ಸಂಸ್ಕೃತವನ್ನು ಕಲಿಸುತ್ತಿದ್ದುದನ್ನು ಕಂಡು, ಸ್ತ್ರೀಯರೂ ವಿದ್ಯೆಗೆ ಅರ್ಹರೆಂದು ಅವರು ನಿಶ್ಚಯಿಸಿಕೊಂಡರು. ತಮ್ಮ ಪತ್ನಿಯಾದ ಲಕ್ಷ್ಮೀಬಾಯಿಯವರಿಗೆ ದೇವಭಾಷೆಯನ್ನು ಕಲಿಸಲು ತೊಡಗಿದಾಗ ಬಂಧುಗಳೂ ಊರ ಹಿರಿಯರೂ ವಿರೋಧಿಸಿದರು. ಶಾಸ್ತ್ರಿಗಳು ತಮ್ಮ ಪಕ್ಷವನ್ನು ಶಾಸ್ತ್ರಾಧಾರದಿಂದ ಸಮರ್ಥಿಸಿ, ಕಾಡಿನಲ್ಲಿ ಮನೆ ಕಟ್ಟಿಕೊಂಡು, ಪತ್ನಿಗೆ ಪಾಠ ಹೇಳಿದರು. ಆ ತಾಯಿಯೇ ಮುಂದೆ ರಮಾಬಾಯಿಯವರಿಗೆ ಗುರುವಾದರು. ಓರ್ವ ಸ್ತ್ರೀಗೆ ಕಲಿಸಿದ ವಿದ್ಯೆಯು ಆಕೆಯಲ್ಲಿಯೇ ನಿಲ್ಲದೆ ಮಕ್ಕಳಿಗೂ ಹರಿಯುವುದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ಬೇಕಿಲ್ಲ.

ಅತಿಥಿಸತ್ಕಾರದಿಂದಲೂ ಔದಾರ್ಯದಿಂದಲೂ ಮನೆಗೆ ಸಾಲವು ಬರಲು, ಕೂಸಿಗೆ ಆರು ತಿಂಗಳಾಗಿದ್ದಾಗಲೇ ಕುಟುಂಬವು ಕಾಡನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ದೇವಾಲಯಗಳಲ್ಲಿ ಪುರಾಣಗಳನ್ನು ಓದಿ, ಕೇಳಿದವರು ಕೊಟ್ಟುದರಿಂದ ಜೀವಿಸುತ್ತ ಅವರು ದೇಶವನ್ನು ಸಂಚರಿಸಿದರು. ಬಾಲಿಕೆಗೆ ಭಾಗವತದ ಸಾವಿರಾರು ಶ್ಲೋಕಗಳು ಕಂಠಸ್ಥವಾದುದೂ, ಮನೆಯ ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ಥಾನಿ ಮೊದಲಾದ ಭಾಷೆಗಳು ಬಂದುದೂ ಈ ಸಂಚಾರದಲ್ಲಿಯೇ. ಆದರೆ 1874ರ ಸುಮಾರಿಗೆ ದಕ್ಷಿಣದಲ್ಲಿ ಬರವು ತಲೆದೋರಿತು. ಭಿಕ್ಷೆಗೆ ಕೈನೀಡಲು ಅಭಿಮಾನವು ಬಿಡದು; ಕೂಲಿ ಮಾಡಲು ಅಭ್ಯಾಸವಿಲ್ಲ. ಎಲೆಗಳನ್ನು ತಿಂದು ದಿನ ಕಳೆಯುವ ಸ್ಥಿತಿಯು ಬಂದು, ಮೊದಲು ತಂದೆಯೂ, ಕೆಲವೇ ತಿಂಗಳುಗಳೊಳಗಾಗಿ ತಾಯಿಯೂ ಅಕ್ಕನೂ ತೀರಿಕೊಂಡರು. ಹಸಿವಿನಿಂದ ಕಣ್ಣೆದುರಿಗೆ ಹೆತ್ತವರು ಅಳಿದುದನ್ನು ಕಂಡ ಆ ಹದಿಹರೆಯದ ಬಾಲಿಕೆಯು ಅದನ್ನು ಕಡೆಯವರೆಗೂ ಮರೆಯಲಿಲ್ಲ. ಅವರ ಮುಂದಿನ ಧರ್ಮಕಾರ್ಯದ ಬೇರು ಇಲ್ಲಿಯೇ ಇರುವುದು.

ಉಳಿದ ಅಣ್ಣ ತಂಗಿಯರಿಬ್ಬರೂ ಕಾಲ್ನಡಿಗೆಯಿಂದ ಸಾವಿರಾರು ಮೈಲಿ ತಿರುಗಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ರಮಾಬಾಯಿಯವರನ್ನು ಪರೀಕ್ಷಿಸಿ, ಬೆರಗಾಗಿ, ಪಂಡಿತೆ ಮತ್ತು ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ಅವರು ಜಾತಿಭೇದವನ್ನು ಲೆಕ್ಕಿಸದೆ ಬಂಗಾಳದ ನ್ಯಾಯವಾದಿಗಳಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ವಿವಾಹವಾದರು. 1881ರಲ್ಲಿ ಮನೋರಮೆಯೆಂಬ ಮಗಳು ಹುಟ್ಟಿದಳು. 1882ರಲ್ಲಿ ಪತಿಯು ವಾಂತಿಭೇದಿಯಿಂದ ಮೃತರಾದರು. ಇಪ್ಪತ್ತನಾಲ್ಕು ವಯಸ್ಸು ತುಂಬುವುದರೊಳಗೆ ರಮಾಬಾಯಿಯವರು ತಂದೆ, ತಾಯಿ, ಅಕ್ಕ, ಅಣ್ಣ, ಪತಿ ಎಲ್ಲರನ್ನೂ ಕಳೆದುಕೊಂಡು, ಕಂಕುಳಲ್ಲಿ ಕೂಸನ್ನು ಹೊತ್ತ ವಿಧವೆಯಾದರು.

ದುಃಖದಲ್ಲಿ ಮೂಲೆ ಸೇರುವುದು ಅವರ ಸ್ವಭಾವವಾಗಿರಲಿಲ್ಲ. ಅದೇ ವರ್ಷ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ವಿದ್ಯಾಭ್ಯಾಸದ ವಿಷಯದಲ್ಲಿ ಸರಕಾರವು ನೇಮಿಸಿದ್ದ ಹಂಟರ್ ಆಯೋಗದ ಮುಂದೆ ಸಾಕ್ಷ್ಯವನ್ನು ನುಡಿದು, ಹೆಣ್ಣುಮಕ್ಕಳ ಶಾಲೆಗಳಿಗೆ ತರಬೇತಾದ ಉಪಾಧ್ಯಾಯಿನಿಯರೂ ಸ್ತ್ರೀಯರ ರೋಗಗಳಿಗೆ ಸ್ತ್ರೀ ವೈದ್ಯರೂ ಬೇಕೆಂದು ಒತ್ತಿ ಹೇಳಿದರು. 1883ರಲ್ಲಿ ಇಂಗ್ಲೆಂಡಿಗೆ ತೆರಳಿ, ವಾಂಟೇಜಿನ ಕ್ರೈಸ್ತ ಸಹೋದರಿಯರ ಆಶ್ರಮದಲ್ಲಿ ಉಳಿದು, ಪತಿತ ಸ್ತ್ರೀಯರನ್ನು ಆ ಸಹೋದರಿಯರು ಪ್ರೀತಿಯಿಂದ ಉದ್ಧರಿಸುತ್ತಿದ್ದ ಕಾರ್ಯವನ್ನು ನೋಡಿದರು. ಆ ವರ್ಷದ ಸೆಪ್ಟೆಂಬರ್ 29ರಂದು ಮಗಳೊಡನೆ ಕ್ರೈಸ್ತ ದೀಕ್ಷಾಸ್ನಾನವನ್ನು ಹೊಂದಿದರು. ಬಳಿಕ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತವನ್ನು ಕಲಿಸುತ್ತ ತಾವೂ ವ್ಯಾಸಂಗ ಮಾಡಿದರು.

1886ರಲ್ಲಿ ಅವರು ಅಮೇರಿಕಾ ದೇಶಕ್ಕೆ ಹೋದುದು ಆನಂದೀಬಾಯಿ ಜೋಶಿಯವರ ವೈದ್ಯ ಪದವೀಪ್ರದಾನವನ್ನು ನೋಡುವುದಕ್ಕಾಗಿ. ಆದರೆ ಅಲ್ಲಿ ಎರಡು ವರ್ಷಗಳಿಗೂ ಹೆಚ್ಚು ಕಾಲ ನಿಂತು ಊರೂರು ತಿರುಗಿ ಉಪನ್ಯಾಸಗಳನ್ನು ಕೊಟ್ಟರು. ಕಿಂಡರ್‌ಗಾರ್ಟನ್ ಪದ್ಧತಿಯನ್ನು ಅಭ್ಯಸಿಸಿದರು. ಮೇಲ್ಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಬರೆದು 1887ರಲ್ಲಿ ಪ್ರಕಟಿಸಿದರು. ಆ ಗ್ರಂಥದ ಮಾರಾಟದಿಂದ ಬಂದ ಹಣವು ಬಾಲವಿಧವೆಯರ ಶಾಲೆಗೆ ಮೊದಲ ಬಂಡವಾಳವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಾಸ್ಟನ್ ನಗರದಲ್ಲಿ ರಮಾಬಾಯಿ ಸಂಘವು ಸ್ಥಾಪಿತವಾಯಿತು.

ಈ ಸಂಘದ ರೀತಿಯು ತಿಳಿಯತಕ್ಕದ್ದಾಗಿದೆ. ಊರೂರುಗಳಲ್ಲಿ ಚಿಕ್ಕ ಚಿಕ್ಕ ಮಂಡಲಿಗಳು ಏರ್ಪಟ್ಟು, ಒಂದೊಂದು ಮಂಡಲಿಯ ಸದಸ್ಯರೂ ವರ್ಷಕ್ಕಿಷ್ಟೆಂದು ವಂತಿಗೆಯನ್ನು ಹತ್ತು ವರ್ಷಗಳವರೆಗೆ ಕೊಡುವುದಾಗಿ ವಾಗ್ದಾನ ಮಾಡಿದರು. ನಿಯತವಾದ ವಂತಿಗೆಯಿಂದ ಧರ್ಮಕಾರ್ಯವನ್ನು ನಡೆಸುವ ಪದ್ಧತಿಯು ಆಗ ಹೊಸದೇನೂ ಅಲ್ಲ. ಫ್ರೀಮೇಸನ್ ಎಂಬ ಸಹೋದರ ಸಂಘದವರು ಇದೇ ಪ್ರಕಾರ ಹಣವನ್ನು ಕೂಡಿಸಿ, ತಮ್ಮ ಸದಸ್ಯರಲ್ಲಿ ಮೃತರಾದವರ ಮತ್ತು ಕಷ್ಟಕ್ಕೀಡಾದವರ ಹೆಣ್ಣುಮಕ್ಕಳಿಗಾಗಿ 1788ರಲ್ಲಿಯೇ ಲಂಡನ್ನಿನಲ್ಲಿ ಒಂದು ಶಾಲೆಯನ್ನು ಸ್ಥಾಪಿಸಿದ್ದರು. ಅದು ಸ್ತುತ್ಯವಾದ ಕಾರ್ಯವೇ ಸರಿ. ಆದರೆ ಆ ಸಂಘದವರು ತಮ್ಮ ಬಳಗದ ಮಕ್ಕಳನ್ನು ಕಾಪಾಡಿದರು. ಈ ಮಂಡಲಿಗಳವರಾದರೋ, ತಾವು ಎಂದಿಗೂ ಕಾಣದ ದೇಶದ, ತಮ್ಮ ಮತದವರಲ್ಲದ, ತಮ್ಮ ಭಾಷೆಯನ್ನರಿಯದ ಬಾಲವಿಧವೆಯರಿಗಾಗಿ ಕೈಯೆತ್ತಿ ಕೊಟ್ಟರು. ಅಪರಿಚಿತರ ಮಗಳನ್ನು ತನ್ನ ಮಗಳೆಂದು ಎಣಿಸುವಂತೆ ಜನರ ಮನಸ್ಸನ್ನು ಒಲಿಸಿಕೊಂಡುದೇ ರಮಾಬಾಯಿಯವರ ಹಿರಿಮೆಯು.

1889ರ ಮಾರ್ಚ್ 11ರಂದು ಬೊಂಬಾಯಿಯಲ್ಲಿ ಶಾರದಾ ಸದನವು ಎರಡೇ ವಿದ್ಯಾರ್ಥಿನಿಯರಿಂದ ಪ್ರಾರಂಭವಾಯಿತು. ಅವರಲ್ಲೊಬ್ಬಳಾದ ಗೋದೂಬಾಯಿಯೆಂಬ ಬಾಲವಿಧವೆಯು ಮುಂದೆ ಮಹರ್ಷಿ ಕರ್ವೆಯವರನ್ನು ಪುನರ್ವಿವಾಹವಾಗಿ ಅವರ ಸ್ತ್ರೀಶಿಕ್ಷಣದ ಮಹಾಕಾರ್ಯಕ್ಕೆ ನೆರವಾದಳು. ಮರುವರ್ಷ ಸದನವು ಪುಣೆಗೆ ಬಂದಿತು. ಯಾರ ಮತಾಚಾರಕ್ಕೂ ಅಡ್ಡಿಮಾಡಲಾಗದೆಂಬುದು ಸದನದ ನಿಯಮವಾಗಿದ್ದಿತು. ರಾನಡೆ, ಭಾಂಡಾರಕರ ಮೊದಲಾದ ಮಹನೀಯರು ಸಲಹಾ ಮಂಡಲಿಯಲ್ಲಿದ್ದರು.

ಇಲ್ಲಿ ಒಂದು ಕಠಿಣವಾದ ಪ್ರಸಂಗವು ಒದಗಿತು. ರಮಾಬಾಯಿಯವರು ತಮ್ಮ ಕೊಠಡಿಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಬಾಲಿಕೆಯರು ತಾವಾಗಿಯೇ ಬಂದು ಕುಳಿತುಕೊಳ್ಳತೊಡಗಿದರು. ಇದು ಕೊಟ್ಟ ಮಾತಿಗೆ ವಿರುದ್ಧವೆಂದು ಪುಣೆಯಲ್ಲಿ ದೊಡ್ಡ ವಿವಾದವೆದ್ದು, 1893ರಲ್ಲಿ ಸಲಹಾ ಮಂಡಲಿಯವರು ರಾಜೀನಾಮೆಯನ್ನು ಕೊಟ್ಟರು. ಅನೇಕ ಪೋಷಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ರಮಾಬಾಯಿಯವರು ತಾವು ಯಾರನ್ನೂ ಬಲಾತ್ಕರಿಸಲಿಲ್ಲವೆಂದೂ, ತಮ್ಮ ಮನೆಯಲ್ಲಿ ತಮ್ಮ ದೇವರನ್ನು ಮರೆಮಾಚಿ ಭಜಿಸಲಾರೆವೆಂದೂ ನಂಬಿದ್ದರು. ಪೋಷಕರಾದರೋ, ನಂಬಿ ಒಪ್ಪಿಸಿದ ಎಳೆಯ ಮಕ್ಕಳ ಮನಸ್ಸು ಗುರುವನ್ನು ಅನುಸರಿಸುವುದು ಸಹಜವೆಂದು ಅಂಜಿದರು. ಎರಡು ಪಕ್ಷದಲ್ಲಿಯೂ ಸತ್ಯಾಂಶವಿದ್ದಿತು. ಮಿಶನ್ ಶಾಲೆಯೊಂದರ ಹೊಣೆಯನ್ನು ಹೊತ್ತಿರುವ ನನಗೆ ಈ ಪ್ರಸಂಗವು ಹಳೆಯ ಕಥೆಯಾಗಿ ತೋರುವುದಿಲ್ಲ. ನಾನಾ ಮತಗಳ ತಾಯಿತಂದೆಗಳು ತಮ್ಮ ಹೆಣ್ಣುಮಕ್ಕಳನ್ನು ನಮ್ಮ ಕೈಗೆ ಒಪ್ಪಿಸುವಾಗ, ಅವರು ಕೊಡುವುದು ಬರಿಯ ಶುಲ್ಕವನ್ನಲ್ಲ, ನಂಬಿಕೆಯನ್ನು. ನಮ್ಮ ಭಕ್ತಿಯನ್ನು ನಾವು ಬಚ್ಚಿಡಬೇಕಾಗಿಲ್ಲ. ಆದರೆ ಆ ನಂಬಿಕೆಗೆ ಕುಂದು ಬಾರದಂತೆ ನಡೆದುಕೊಳ್ಳುವುದು ನಮ್ಮ ಧರ್ಮವು.

ವಿವಾದದಿಂದ ಸದನವು ಕುಗ್ಗಿದರೂ ಮುರಿಯಲಿಲ್ಲ. 1896ರಲ್ಲಿ ಮಧ್ಯಪ್ರಾಂತಗಳಲ್ಲಿ ಭೀಕರವಾದ ಕ್ಷಾಮವುಂಟಾಯಿತೆಂಬ ಸುದ್ದಿಯು ಬಂದಾಗ ರಮಾಬಾಯಿಯವರಿಗೆ ತಮ್ಮ ತಂದೆತಾಯಿಗಳ ಕೊನೆಯ ದಿನಗಳು ನೆನಪಾದವು. ಕೈಯಲ್ಲಿ ಸಾಕಷ್ಟು ಹಣವಿಲ್ಲದಿದ್ದರೂ ಅಲ್ಲಿಗೆ ಧಾವಿಸಿ, ಹಸಿವಿನಿಂದ ಬಳಲಿ ದುರ್ಜನರ ಪಾಲಾಗಲಿದ್ದ ನೂರಾರು ಬಾಲಿಕೆಯರನ್ನು ಕರೆತಂದರು. ಆಗಲೇ ಪುಣೆಯಲ್ಲಿ ಪ್ಲೇಗಿನ ಉಪದ್ರವವಿದ್ದುದರಿಂದ ಅಷ್ಟು ಮಂದಿಯನ್ನು ಊರಲ್ಲಿಡಲು ಅನುಮತಿಯಿರಲಿಲ್ಲ. ಪುಣೆಗೆ ಪೂರ್ವದಲ್ಲಿರುವ ಕೇಡಗಾಂವದಲ್ಲಿ ಅವರು ಮುಂಚೆಯೇ ಕೊಂಡಿದ್ದ ಜಮೀನಿನಲ್ಲಿ ಗುಡಿಸಲುಗಳು ಎದ್ದವು. ಹೀಗೆ ಹುಟ್ಟಿದುದೇ ಮುಕ್ತಿ ಸದನವು.

1898ಕ್ಕೆ ಅಮೇರಿಕಾದವರ ಹತ್ತು ವರ್ಷಗಳ ವಾಗ್ದಾನವು ಮುಗಿದುದರಿಂದ ರಮಾಬಾಯಿಯವರು ಮತ್ತೆ ಅಲ್ಲಿಗೆ ಹೋಗಿ ಸಂಘವನ್ನು ಹೊಸದಾಗಿ ಏರ್ಪಡಿಸಿಕೊಂಡು ಬಂದರು. ಮುಕ್ತಿ ಸದನವಾದರೋ ದೇವರ ಮೇಲಣ ಭರವಸೆಯಿಂದಲೂ ದಾನಿಗಳು ಸ್ವಸಂತೋಷದಿಂದ ಕಳುಹಿಸಿದ ಕಾಣಿಕೆಗಳಿಂದಲೂ ನಡೆಯಿತು. ಗುಜರಾತಿನ ಕ್ಷಾಮದ ಬಾಲಿಕೆಯರೂ ಬಂದು ಸೇರಲು, 1900ರ ಹೊತ್ತಿಗೆ ಅಲ್ಲಿಯ ನಿವಾಸಿಗಳ ಸಂಖ್ಯೆಯು ಎರಡು ಸಾವಿರದ ಸಮೀಪಕ್ಕೆ ಬಂದಿತು. ಅಷ್ಟು ಜನರ ಬಾಳನ್ನು ದಾನದಿಂದ ಮಾತ್ರ ನಡೆಸುವುದು ಯುಕ್ತವಲ್ಲವೆಂದು ಅರಿತ ರಮಾಬಾಯಿಯವರು ಬಾವಿಗಳನ್ನು ತೋಡಿಸಿ, ಹೊಲ ತೋಟಗಳನ್ನು ಮಾಡಿಸಿ, ನೇಯ್ಗೆ, ಹೊಲಿಗೆ, ಹೈನು, ಮುದ್ರಣ ಮೊದಲಾದ ಕಸುಬುಗಳನ್ನು ಬಾಲಿಕೆಯರಿಗೆ ಕಲಿಸಿದರು. ಓದಿನಲ್ಲಿ ಮುಂದಾದವರು ಉಪಾಧ್ಯಾಯಿನಿಯರಾದರು. ಆರೈಕೆಯಲ್ಲಿ ಒಲವುಳ್ಳವರು ದಾದಿಯರಾದರು. ಕುರುಡರಿಗೆ ಮನೋರಮೆಯು ಬ್ರೈಲ್ ಲಿಪಿಯನ್ನು ಕಲಿಸಿದಳು. ಜಾರಿಬಿದ್ದ ಸ್ತ್ರೀಯರಿಗೆ ಕೃಪಾ ಸದನವೆಂಬ ಬೇರೆ ಆಶ್ರಯವೇರ್ಪಟ್ಟಿತು. ಹಿರಿಯರು ಕಿರಿಯರನ್ನು ನೋಡಿಕೊಳ್ಳುವ ಪದ್ಧತಿಯಿಂದ, ತಾಯಿಯನ್ನು ಕಳೆದುಕೊಂಡ ಮಗುವಿಗೆ ಅಕ್ಕಂದಿರು ದೊರೆತರು.

ಅವರು ಕನ್ನಡನಾಡನ್ನೂ ಮರೆಯಲಿಲ್ಲ. ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, 1912ರಲ್ಲಿ ಒಂದು ಕ್ರೈಸ್ತ ಪ್ರೌಢಶಾಲೆಯನ್ನು ಸ್ಥಾಪಿಸಿದರು. ಆ ಕಾರ್ಯದಲ್ಲಿ ಮಗಳೇ ಅವರಿಗೆ ಬಲಗೈಯಾಗಿದ್ದಳು.

ಕಡೆಯ ವರ್ಷಗಳಲ್ಲಿ ಅವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಅಭ್ಯಸಿಸಿ, ಸತ್ಯವೇದವನ್ನು ಹಳ್ಳಿಯ ಹೆಂಗಸರಿಗೂ ತಿಳಿಯುವಂತಹ ಸರಳವಾದ ಮರಾಠಿಗೆ ತರುವುದರಲ್ಲಿ ಮಗ್ನರಾಗಿದ್ದರು. ಅದನ್ನು ಅಚ್ಚುಹಾಕಿದವರು ಅವರ ಬಾಲಿಕೆಯರೇ. ಸರಕಾರವು 1919ರಲ್ಲಿ ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. 1921ರ ಜುಲೈ ತಿಂಗಳಲ್ಲಿ ಮನೋರಮೆಯು ತಾಯಿಗಿಂತ ಮೊದಲೇ ತೀರಿಕೊಂಡಳು. ಆ ಪೆಟ್ಟನ್ನು ಸಹಿಸಿಕೊಂಡು ಭಾಷಾಂತರದ ಕೆಲಸವನ್ನು ಮುಗಿಸಿದ ಮೇಲೆ, 1922ನೆಯ ಇಸವಿ ಏಪ್ರಿಲ್ 5ರಂದು ರಮಾಬಾಯಿಯವರು ವಿಶ್ರಾಂತಿಯನ್ನು ಹೊಂದಿದರು. ಮುಕ್ತಿ ಸದನವು ಇಂದಿಗೂ ನಡೆಯುತ್ತಿದೆ.

ಪ್ರಿಯ ವಿದ್ಯಾರ್ಥಿನಿಯರೇ, ಪೋಷಕರೇ, ಈ ಚರಿತ್ರೆಯಿಂದ ನಾವು ಕಲಿಯುವುದೇನು? ನಮ್ಮ ದೇಶದ ಹೆಣ್ಣುಮಕ್ಕಳ ಅನೇಕ ಶಾಲೆಗಳ ಗೋಡೆಗಳು, ಹೆಸರನ್ನೂ ಬಯಸದೆ ಕೊಟ್ಟ ದೂರದವರ ಚಿಕ್ಕ ಚಿಕ್ಕ ವಂತಿಗೆಗಳಿಂದ ಎದ್ದವು. ನಮ್ಮ ಸಭೆಗಳ ತಾಯಂದಿರು ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ದೇವರ ಕೆಲಸಕ್ಕೆಂದು ತೆಗೆದಿಡುವ ಪದ್ಧತಿಯುಂಟು. ಇದು ಬಾಸ್ಟನ್ನಿನ ಮಂಡಲಿಗಳ ವಾಗ್ದಾನಕ್ಕಿಂತ ಕಿರಿದಾದುದಲ್ಲ. ದೂರದವರು ನಮಗಾಗಿ ಕೊಟ್ಟ ಕಾಲವು ಕಳೆಯಿತು. ನಾವು ಕೊಡಬೇಕಾದ ಕಾಲವು ಬಂದಿದೆ. ಓದುವ ಆಸೆಯಿದ್ದೂ ಬಡತನದಿಂದ ಮನೆಯಲ್ಲಿ ಉಳಿದಿರುವ ಬಾಲಿಕೆಯೊಬ್ಬಳು ನಮ್ಮ ನಮ್ಮ ಬೀದಿಯಲ್ಲಿಯೇ ಇರುವಳು. ಗಂಗಾಮೂಲದ ತೊರೆಯು ಇಲ್ಲಿಗೆ ಬರುವಷ್ಟರಲ್ಲಿ ದೊಡ್ಡ ಹೊಳೆಯಾದುದು ದಾರಿಯಲ್ಲಿ ಹಳ್ಳಕೊಳ್ಳಗಳು ತಮ್ಮ ನೀರನ್ನು ಕೊಟ್ಟುದರಿಂದಲೇ ಅಲ್ಲವೇ? ನಮ್ಮ ಕೈಲಾದಷ್ಟನ್ನು ನಾವೂ ಕೂಡಿಸೋಣ.