ರೆಡ್ ಬೈರನ್

ರಾಬರ್ಟ್ "ರೆಡ್" ಬೈರನ್ (ಮಾರ್ಚ್ 12, 1915 – ನವೆಂಬರ್ 11, 1960) ಅಮೆರಿಕದ ಕಾರು ಪಂದ್ಯಗಳ ಚಾಲಕ. ನಾಸ್ಕಾರ್ ಸಂಸ್ಥೆಯು 1949ರಲ್ಲಿ ಆರಂಭಿಸಿದ "ಸ್ಟ್ರಿಕ್ಟ್‌ಲಿ ಸ್ಟಾಕ್" ಸರಣಿಯ ಮೊದಲ ಚಾಂಪಿಯನ್. ಇಂದು ನಾಸ್ಕಾರ್ ಕಪ್ ಎಂದು ಪ್ರಸಿದ್ಧವಾಗಿರುವುದು ಇದೇ ಸರಣಿ. ಯುದ್ಧದಲ್ಲಿ ಎಡಗಾಲು ತೀವ್ರವಾಗಿ ಜಖಂಗೊಂಡಿದ್ದರೂ ಅವರು ಈ ಸಾಧನೆ ಮಾಡಿದರು.

ಆರಂಭಿಕ ಜೀವನ ಮತ್ತು ಯುದ್ಧ

ಬೈರನ್ ಹುಟ್ಟಿದ್ದು ವರ್ಜೀನಿಯಾ ರಾಜ್ಯದಲ್ಲಿ. ಅಲಬಾಮಾದ ಆನಿಸ್ಟನ್ ಪಟ್ಟಣದಲ್ಲಿ ನೆಲೆಸಿ, 1930ರ ದಶಕದಲ್ಲಿ ಮಣ್ಣಿನ ಪಥಗಳಲ್ಲಿ ಕಾರು ಓಡಿಸತೊಡಗಿದರು. ಎರಡನೆಯ ಮಹಾಯುದ್ಧದಲ್ಲಿ ಸೇನೆಯ ವಾಯುದಳವನ್ನು ಸೇರಿ ಬಾಂಬರ್ ವಿಮಾನದ ಸಿಬ್ಬಂದಿಯಾದರು. ಅಲಾಸ್ಕಾದಾಚೆಯ ಅಲ್ಯೂಷಿಯನ್ ದ್ವೀಪಗಳ ಮೇಲೆ ಅವರ ವಿಮಾನ ಗುಂಡಿನ ದಾಳಿಗೆ ತುತ್ತಾಯಿತು. ಕಾಲು ಉಳಿಯಿತು, ಆದರೆ ಮೊದಲಿನ ಬಲ ಮರಳಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಅವರು ಸೇನಾ ಆಸ್ಪತ್ರೆಗಳಲ್ಲಿ ಕಳೆಯಬೇಕಾಯಿತು.

ಮರಳಿ ಪಂದ್ಯಕ್ಕೆ

ಅಂದಿನ ಕಾರುಗಳಲ್ಲಿ ಕ್ಲಚ್ ಒತ್ತಲು ಎಡಗಾಲೇ ಬೇಕು. ಅಟ್ಲಾಂಟಾದ ಹೆಸರಾಂತ ಮೆಕ್ಯಾನಿಕ್ ರೆಡ್ ವಾಗ್ಟ್ ಇದಕ್ಕೊಂದು ಉಪಾಯ ಕಂಡುಹಿಡಿದರು. ಕುದುರೆಯ ರಿಕಾಪಿನಂಥ ಉಕ್ಕಿನ ಪಟ್ಟಿಯನ್ನು ಕ್ಲಚ್ ಪೆಡಲಿಗೆ ಜೋಡಿಸಿ, ಬೈರನ್ನರ ಕಾಲನ್ನು ಅದರೊಳಗೆ ಭದ್ರಪಡಿಸುವ ವ್ಯವಸ್ಥೆ ಅದು. ಕಾರು ಮಗುಚಿದರೆ ಅಥವಾ ಬೆಂಕಿ ಹತ್ತಿಕೊಂಡರೆ ತಕ್ಷಣ ಹೊರಬರುವುದು ಕಷ್ಟವೆಂಬುದನ್ನು ಬೇರೆ ಹೇಳಬೇಕಿಲ್ಲ.

ಕಾರುಗಳನ್ನು ಒದಗಿಸಿದವರು ಜಾರ್ಜಿಯಾದ ರೇಮಂಡ್ ಪಾರ್ಕ್ಸ್. ಅವರ ಆರಂಭದ ಸಂಪಾದನೆ ಕಳ್ಳಭಟ್ಟಿ ಸಾರಾಯಿ ವ್ಯಾಪಾರದ್ದು. ಪೊಲೀಸರಿಂದ ತಪ್ಪಿಸಿಕೊಳ್ಳಲು ಸಾರಾಯಿ ಸಾಗಣೆಗಾರರು ಕಾರುಗಳ ವೇಗ ಹೆಚ್ಚಿಸಿಕೊಂಡದ್ದೇ ದಕ್ಷಿಣ ಅಮೆರಿಕ ಸಂಯುಕ್ತ ರಾಜ್ಯಗಳಲ್ಲಿ ಈ ಕ್ರೀಡೆ ಬೆಳೆಯಲು ಒಂದು ಮುಖ್ಯ ಕಾರಣ.

1948ರ ಫೆಬ್ರವರಿ 15ರಂದು ಡೇಟೋನಾ ಕಡಲತೀರದಲ್ಲಿ ನಾಸ್ಕಾರ್ ನಡೆಸಿದ ಮೊಟ್ಟಮೊದಲ ಪಂದ್ಯವನ್ನು ಬೈರನ್ ಗೆದ್ದರು. ಆ ವರ್ಷದ ಮಾರ್ಪಡಿತ ಕಾರುಗಳ ಚಾಂಪಿಯನ್ ಪಟ್ಟವೂ ಅವರದಾಯಿತು. ಅದೇ ವರ್ಷ ಜಾರ್ಜಿಯಾದ ಕೊಲಂಬಸ್‌ನಲ್ಲಿ ಟೈರು ಸಿಡಿದು ಅವರ ಕಾರು ಪ್ರೇಕ್ಷಕರತ್ತ ನುಗ್ಗಿತು. ಏಳು ವರ್ಷದ ಬಾಲಕನೊಬ್ಬ ಮೃತಪಟ್ಟನು, ಹಲವರು ಗಾಯಗೊಂಡರು. ಪಥ ಮತ್ತು ಜನರ ನಡುವೆ ಗಟ್ಟಿಯಾದ ತಡೆ ಇಲ್ಲದ ಕಾಲವದು.

1949ರ ಮೊದಲ ಋತು

ಹೊಸ ಸರಣಿಯ ನಿಯಮ ಸರಳವಾಗಿತ್ತು: ಅಂಗಡಿಯಲ್ಲಿ ಮಾರುವ ಕಾರನ್ನು ಮಾರ್ಪಡಿಸದೆ ಓಡಿಸಬೇಕು. ತಮ್ಮ ಮನೆಯ ಮುಂದೆ ನಿಂತಿರುವಂಥದೇ ಕಾರುಗಳ ಪೈಪೋಟಿಯನ್ನು ಜನ ನೋಡಬೇಕೆಂಬುದು ಸಂಸ್ಥಾಪಕ ಬಿಲ್ ಫ್ರಾನ್ಸ್ ಅವರ ಆಲೋಚನೆ. ಪೂರ್ವ ಭಾಗದ ರಾಜ್ಯಗಳಿಗೆ ಸೀಮಿತವಾಗಿದ್ದ ಮೊದಲ ಋತುವಿನಲ್ಲಿ ನಡೆದದ್ದು ಎಂಟೇ ಪಂದ್ಯಗಳು.

ಜೂನ್ 19ರಂದು ಷಾರ್ಲಟ್‌ನಲ್ಲಿ ನಡೆದ ಮೊದಲ ಪಂದ್ಯವೇ ವಿವಾದದಲ್ಲಿ ಮುಗಿಯಿತು. ಮೊದಲು ಗುರಿ ಮುಟ್ಟಿದ ಗ್ಲೆನ್ ಡನ್ನವೇ ಅವರ ಫೋರ್ಡ್ ಕಾರಿನ ಹಿಂಬದಿಯ ಸ್ಪ್ರಿಂಗುಗಳು ನಿಯಮಬಾಹಿರವೆಂದು ತೀರ್ಮಾನವಾಗಿ, ಗೆಲುವು ಜಿಮ್ ರೋಪರ್ ಪಾಲಾಯಿತು. ಬೈರನ್ನರಿಗೆ ಮೂರನೆಯ ಸ್ಥಾನ ದೊರೆಯಿತು. ಜುಲೈ 10ರ ಡೇಟೋನಾ ಪಂದ್ಯದ ಪಥ ಅರ್ಧ ಮರಳಿನ ದಂಡೆ, ಅರ್ಧ ಡಾಂಬರು ರಸ್ತೆ. ಅಲ್ಲಿ ಪಾರ್ಕ್ಸ್ ಅವರ ಓಲ್ಡ್ಸ್‌ಮೊಬೈಲ್ ಓಡಿಸಿ ಬೈರನ್ ಗೆದ್ದರು. ಸೆಪ್ಟೆಂಬರ್ 25ರಂದು ಮಾರ್ಟಿನ್ಸ್‌ವಿಲ್‌ನಲ್ಲಿಯೂ ಜಯ ಅವರದೇ. ಎಂಟರಲ್ಲಿ ಆರು ಪಂದ್ಯಗಳಲ್ಲಷ್ಟೇ ಭಾಗವಹಿಸಿ 842.5 ಅಂಕಗಳೊಂದಿಗೆ ಪಟ್ಟ ಗಳಿಸಿದರು. ಎರಡನೆಯವರಾದ ಲೀ ಪೆಟ್ಟಿ ಗಳಿಸಿದ್ದು 725 ಅಂಕ.

ಕೊನೆಯ ವರ್ಷಗಳು

1950ರಲ್ಲಿ ನಾಸ್ಕಾರ್ ಮಾನ್ಯತೆಯಿಲ್ಲದ ಪಂದ್ಯಗಳಲ್ಲಿ ಓಡಿಸಿದ್ದಕ್ಕಾಗಿ ಸಂಸ್ಥೆಯು ಬೈರನ್ನರ ಅಂಕಗಳನ್ನು ಕಿತ್ತುಕೊಂಡಿತು. ಆರೋಗ್ಯವೂ ಕೈಕೊಡುತ್ತಿತ್ತು. 1951ರ ನಂತರ ಅವರು ಈ ಸರಣಿಯಲ್ಲಿ ಸ್ಪರ್ಧಿಸಲಿಲ್ಲ. ಒಟ್ಟು 15 ಪಂದ್ಯ, ಎರಡು ಜಯ: ಸಂಖ್ಯೆಗಳನ್ನಷ್ಟೇ ನೋಡುವವರಿಗೆ ಇದು ಅಲ್ಪವೆನಿಸಬಹುದು. ಆ ಮೇಲೆ ಸ್ಪೋರ್ಟ್ಸ್ ಕಾರುಗಳ ತಂಡಗಳೊಂದಿಗೆ ಕೆಲಸ ಮಾಡಿದರು. 1960ರ ನವೆಂಬರ್ 11ರಂದು ಷಿಕಾಗೋದ ಹೋಟೆಲೊಂದರಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 45 ವರ್ಷ.

1998ರಲ್ಲಿ ನಾಸ್ಕಾರ್ ಪ್ರಕಟಿಸಿದ 50 ಶ್ರೇಷ್ಠ ಚಾಲಕರ ಪಟ್ಟಿಯಲ್ಲಿ ಬೈರನ್ನರ ಹೆಸರಿತ್ತು. 2018ರಲ್ಲಿ ಅವರನ್ನು ನಾಸ್ಕಾರ್ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು.